ಇನ್ನೂ ಬಾರದ ಕ್ಯಾಟಲಿಸ್ಟ್ ಮಹಾಶಯರಿಗೊಂದು ಬಹಿರಂಗ ಪತ್ರ

ಶ್ರೀಯುತ ವಿಷನಿರೋಧಕ ಕ್ಯಾಟಲಿಸ್ಟ್ ಅವರಿಗೆ,

ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಹಳೆಯ ಶಾಖೋತ್ಪನ್ನ ಸ್ಥಾವರಗಳಿಗೆ ಪೈಲಟ್ ಪ್ರಯೋಗದ ನೆಪದಲ್ಲಿ ಬಂದು ಹೋದದ್ದು ಬಿಟ್ಟರೆ, ತಾವು ಅಲ್ಲಿ ನೆಲೆ ನಿಂತವರಲ್ಲ. ಹಾಗಿರುವಾಗ ಕ್ಷೇಮಕ್ಕೇನು ಕೊರತೆ?

ತಮ್ಮ ಪ್ರತಾಪ ಕೇಳಿ ಬಲ್ಲೆ. ಉದ್ದಕ್ಕೂ ಚೌಕ ತೂತುಗಳಿರುವ ಟೈಟಾನಿಯಂ ಡೈಆಕ್ಸೈಡಿನ ಇಟ್ಟಿಗೆ. ಮೈಗೆ ಒಂಚೂರು ವನೇಡಿಯಂ, ಒಂದಿಷ್ಟು ಟಂಗ್‌ಸ್ಟನ್. 300ರಿಂದ 400 ಡಿಗ್ರಿಯ ಹೊಗೆಗೆ ಅಮೋನಿಯಾ ಬೆರೆಸಿ ತಮ್ಮೊಳಗೆ ಹಾಯಿಸಿದರೆ ನೈಟ್ರೋಜನ್ ಆಕ್ಸೈಡುಗಳು ಹೋಗಿ ಬರೀ ನೈಟ್ರೋಜನ್ನು, ನೀರಾವಿ ಹೊರಬೀಳುತ್ತವೆ. ಜಪಾನಿನವರು 1970ರ ದಶಕದಲ್ಲೇ ತಮ್ಮನ್ನು ಕೆಲಸಕ್ಕೆ ಹಚ್ಚಿದರು.

ಹೊಗೆಯೊಡನೆ ಬರುವ ವಿಷಗಳೆಂಬ ಶತ್ರುಗಳೂ ತಮಗೆ ಕಡಿಮೆಯಿಲ್ಲ. ಅಮೋನಿಯಾ ಬಂದು ಕೂರಬೇಕಾದ ಆಮ್ಲೀಯ ತಾಣಗಳಿಗೆ ಪೊಟ್ಯಾಸಿಯಂ ಮೊದಲೇ ಬಂದು, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದವರ ಹಾಗೆ, ಜಾಗ ಹಿಡಿದುಬಿಡುತ್ತದೆ. ಆರ್ಸೆನಿಕ್ ಆವಿಯಾಗಿ ನುಗ್ಗಿ ಸೂಕ್ಷ್ಮ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ. ಇದಕ್ಕೆಲ್ಲ ವಿಜ್ಞಾನಿಗಳು ಮದ್ದು ಹುಡುಕಿದ್ದಾರೆ. ಆರ್ಸೆನಿಕ್ಕಿಗೆ ಮಾಲಿಬ್ಡಿನಮ್ ಬೆರೆಸಿದರು, ಕುಲುಮೆಗೆ ಸುಣ್ಣದಕಲ್ಲು ಹಾಕಿದರು. ಪೊಟ್ಯಾಸಿಯಂ ಬಂದು ಕೂರಲೆಂದೇ ಹೆಚ್ಚುವರಿ ತಾಣಗಳನ್ನು ಇಟ್ಟು ನೋಡಿದರು.

ಆದರೆ ವಿಷನಿರೋಧದಲ್ಲಿ ನಮ್ಮ ದೇಶ ಇವರೆಲ್ಲರಿಗಿಂತ ಮುಂದಿದೆ, ಸ್ವಾಮಿ. ಅಳವಡಿಸದ ಕ್ಯಾಟಲಿಸ್ಟಿಗೆ ಯಾವ ವಿಷವೂ ತಟ್ಟುವುದಿಲ್ಲ ಎಂಬುದನ್ನು ನಾವು ರುಜುವಾತು ಮಾಡಿದ್ದೇವೆ.

2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ನೈಟ್ರೋಜನ್ ಆಕ್ಸೈಡುಗಳಿಗೆ ಮಿತಿ ಹಾಕಿತು: 2003ರ ಕೊನೆಯೊಳಗೆ ಬಂದ ಘಟಕಗಳಿಗೆ ಘನ ಮೀಟರಿಗೆ 600 ಮಿಲಿಗ್ರಾಂ, ಅಲ್ಲಿಂದ 2016ರವರೆಗಿನವಕ್ಕೆ 300, 2017ರಿಂದಾಚೆಗಿನವಕ್ಕೆ 100. ಎರಡು ವರ್ಷ ಗಡುವು. 300ನ್ನು ತಲುಪಬೇಕಾದರೆ ತಮ್ಮ ಮನೆಬಾಗಿಲಿಗೆ ಬರಬೇಕಾದೀತು ಎಂಬ ಮಾತು ಎದ್ದಿತು. 2020ರಲ್ಲಿ ಆ ಅಂಕಿಯನ್ನೇ 450ಕ್ಕೆ ಏರಿಸಿದರು. ಕುಲುಮೆಯಲ್ಲಿ ಗಾಳಿ, ಬೆಂಕಿಗಳ ಹೊಂದಾಣಿಕೆ ಮಾಡಿಕೊಂಡರೆ ಸಾಕು, ತಮಗೆ ತೊಂದರೆ ಕೊಡಬೇಕಿಲ್ಲ. ಕೃಷ್ಣೆಯ ದಡದ ರಾಯಚೂರು ಸ್ಥಾವರವನ್ನೇ ನೋಡಿ: ಮೊದಲ ಏಳು ಘಟಕಗಳು 600ರ ಪಂಕ್ತಿಯಲ್ಲಿ ಆರಾಮಾಗಿವೆ, 2010ರ ಎಂಟನೆಯದಕ್ಕೂ 450ರ ರಿಯಾಯಿತಿ ಸಿಕ್ಕಿದೆ.

ತಮ್ಮನ್ನು ಕರೆಯದಿರಲು ಕಾರಣವೂ ಇದೆ. ನಮ್ಮ ಕಲ್ಲಿದ್ದಲಲ್ಲಿ ಶೇ 30ರಿಂದ 45ರಷ್ಟು ಬೂದಿ. ಸಿಲಿಕಾ ತುಂಬಿದ ಆ ಬೂದಿ ತಮ್ಮ ಮೈಯನ್ನು ಉಜ್ಜಿ ಸವೆಸಿಬಿಡುತ್ತದಂತೆ. ಸುಳ್ಳಲ್ಲ. ಬೂದಿ ಹಿಡಿಯುವ ಇಎಸ್‌ಪಿಯ ಆಚೆ ಕೂರಿಸಿದರೆ ತಾವು ಬದುಕಿಕೊಳ್ಳುತ್ತೀರಿ, ಆದರೆ ಅಷ್ಟರಲ್ಲಿ ಹೊಗೆ ಆರಿರುತ್ತದೆ. ಮತ್ತೆ ಕಾಯಿಸಲು ದುಡ್ಡು ಬೇಕು. ದುಡ್ಡಿನ ಮಾತು ಬಂದ ಕೂಡಲೇ ಎಲ್ಲರಿಗೂ ತಮ್ಮ ಆರೋಗ್ಯದ ಚಿಂತೆ ಹತ್ತುತ್ತದೆ.

ಮನಸ್ಸು ಮಾಡಿದರೆ ನಮಗೇನೂ ಬಾರದೆಂದಲ್ಲ. ತಮ್ಮ ದಾಯಾದಿಗಳು 2020ರ ಏಪ್ರಿಲ್‌ನಿಂದ ಬಿಎಸ್-6 ಲಾರಿಗಳ ಅಡಿಯಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಕರೆಯುವ ಮುನ್ನ ಡೀಸೆಲ್ಲಿನ ಗಂಧಕವನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿದೆವು. ವಿಷ ನುಂಗುವ ಶಕ್ತಿಯೊಂದನ್ನೇ ನೆಚ್ಚದೆ, ಬಡಿಸುವ ವಿಷವನ್ನೂ ತಗ್ಗಿಸಿದೆವು. ಮಿಕ್ಕದ್ದನ್ನು ಜನ ನೋಡಿಕೊಂಡರು: ಅಮೋನಿಯಾ ಒದಗಿಸುವ ಶೇ 32.5ರ ಶುದ್ಧ ಯೂರಿಯಾ ದ್ರಾವಣದ ಬದಲು, ಹೊಲಕ್ಕೆಂದು ಬಂದ ಬೇವುಲೇಪಿತ ಸಬ್ಸಿಡಿ ಗೊಬ್ಬರವನ್ನು ನೀರಿಗೆ ಕಲಸಿ ಕ್ಯಾನಿನಲ್ಲಿ ಮಾರುವವರೂ ಹುಟ್ಟಿಕೊಂಡರು. ಬೇವಿನೆಣ್ಣೆಯನ್ನು ಜೀರ್ಣಿಸಿಕೊಳ್ಳುವ ತಳಿಯೇನಾದರೂ ತಮ್ಮ ವಂಶದಲ್ಲಿದ್ದರೆ ದಯವಿಟ್ಟು ತಿಳಿಸಿ.

ತಮಗೆ ಅವಸರವೇನಿಲ್ಲ. ತಾವು ಬರುವತನಕ ಚಿಮಣಿಯಿಂದ ಹೊರಟದ್ದು ಬಿಸಿಲಲ್ಲಿ ಓಜೋನಾಗಿ, ಚಳಿಯಲ್ಲಿ ನೈಟ್ರೇಟ್ ಕಣವಾಗಿ ನಮ್ಮ ಶ್ವಾಸಕೋಶಗಳಿಗೆ ಬರುತ್ತಿರುತ್ತದೆ. ಅವಕ್ಕೆ ಮಾಲಿಬ್ಡಿನಮ್ ಲೇಪನವಿಲ್ಲ. ತಮಗಾದರೆ ರಿಯಾಕ್ಟರಿನಲ್ಲಿ ಬದಲಿ ಪದರಕ್ಕೆಂದು ಒಂದು ಅಂತಸ್ತು ಖಾಲಿ ಬಿಟ್ಟಿರುತ್ತಾರೆ. ನಮ್ಮ ಎದೆಗೂಡಿನಲ್ಲಿ ಅಂಥ ಏರ್ಪಾಡೂ ಇಲ್ಲ.

ಇತಿ,
ಬಿಲ್ಲು ತಪ್ಪದೆ ಕಟ್ಟುವ ಒಬ್ಬ ವಿದ್ಯುತ್ ಗ್ರಾಹಕ