ತಿರುವುಗಳಿಲ್ಲದ ಕಾದಂಬರಿ

ತಿರುವನಂತಪುರದ ಉಳ್ಳೂರಿನಲ್ಲಿ ನೆಲೆಸಿರುವ ನಿವೃತ್ತ ರಾಯರೂ, ಕಾಸರಗೋಡಿನಿಂದ ಪೂಜೆಗೆಂದು ಬಂದು ‘ಪೋತ್ತಿ’, ಎಂದರೆ ತುಳುನಾಡಿನ ಮೂಲದ ಅರ್ಚಕ, ಎನಿಸಿಕೊಂಡ ಭಟ್ಟರೂ, 1829ರಲ್ಲಿ ಸ್ಥಾಪನೆಯಾದ ಪಾಳಯಂನ ಕೇಂದ್ರ ಗ್ರಂಥಾಲಯದಿಂದ ಹಿಂದಿರುಗುತ್ತ, ಇತ್ತೀಚೆಗೆ ಓದಿದ ಕಾದಂಬರಿಗಳ ಕುರಿತು ‘ಅಭಿಪ್ರಾಯ ವಿನಿಮಯ’ದಲ್ಲಿ, ಅಂದರೆ ರಾಯರು ಹೇಳುವುದು ಮತ್ತು ಭಟ್ಟರು ಕೇಳುವುದು ಎಂಬ ಶಾಸ್ತ್ರೀಯ ಕ್ರಮದಲ್ಲಿ, ತೊಡಗಿದ್ದರು.

“ಭಟ್ರೇ, ಚಂದು ಮೇನೋನರ ‘ಇಂದುಲೇಖ’ ಮುಗಿಸಿಬಿಟ್ಟೆ. 1889ರದ್ದಾದರೂ ಅದ್ಭುತ!”

“ನಿನ್ನೆ ಸಂಜೆಯಷ್ಟೇ ತಂದದ್ದಲ್ವಾ ರಾಯರೇ? ತಿರುವು ಎಷ್ಟುಂಟು ಅದರಲ್ಲಿ?”

“ತಿರುವೋದು ಯಾಕ್ರೀ? ಬೆನ್ನುಡಿಯಲ್ಲೇ ಎಲ್ಲ ಇದೆ.”

ಬೆನ್ನುಡಿಯೆಂಬುದು ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗುವ ಹೊಗಳಿಕೆಯಾಗಿದ್ದು, ಅದನ್ನು ಬರೆದವರೂ ಪುಸ್ತಕದ ಬೆನ್ನನ್ನಷ್ಟೇ ಕಂಡಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು.

“ಹುಡುಗಿ ಸೂರಿ ನಂಬೂದಿರಿಯನ್ನು ಒಪ್ಪಿದಳಾ?”

“ಒಪ್ಪದೆ ಇರ್ತಾಳಾ! ಆ ಮದುವೆ ದೃಶ್ಯದಲ್ಲಿ ನನ್ನ ಕಣ್ಣೇ ತುಂಬಿಬಂತು.”

“ಅಯ್ಯೋ ಪಾಪ, ಮಾಧವನಿಗೆ ವಿಷಯ ಗೊತ್ತುಂಟಾ?”

“ಯಾವ ಮಾಧವ? ನಿಮ್ಮ ದೇವಸ್ಥಾನದವನೇ?”

“ಅಲ್ಲ, ಇಂದುಲೇಖೆಯ ಗಂಡ.”

ಇಲ್ಲಿ ರಾಯರು ‘ವಿಮರ್ಶಾತ್ಮಕ ಮೌನ’ವನ್ನು, ಎಂದರೆ ಉತ್ತರ ಹೊಳೆಯುವವರೆಗೆ ಕನ್ನಡಕ ಒರೆಸಿಕೊಳ್ಳುವ ಕ್ರಿಯೆಯನ್ನು, ತಾಳಿ, ಕಾದಂಬರಿಯನ್ನು ಎರಡನೆಯ ಸಲ ಓದಿದಾಗ ಅರ್ಥ ಬೇರೆಯಾಗುತ್ತದೆಂದು ವಿವರಿಸಿದರು.

“ಅದೂ ಹೌದನ್ನಿ. ಮೊದಲನೆಯ ಸಲ ಯಾವಾಗ ಓದುತ್ತೀರಿ?”

“ಅದಿರಲಿ ಭಟ್ರೇ, ನಮ್ಮ ಕನ್ನಡದ್ದು ಹೇಳಿ.”

“ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಉಂಟಲ್ಲ, 1899ರದ್ದು.”

“ಓ, ಓದಿದ್ದೇನೆ! ಇಂದುಲೇಖೆಯ ತಂಗಿಯ ಕಥೆ.”

“ಸರಿ ಸರಿ, ಹತ್ತು ವರ್ಷಕ್ಕೆ ಚಿಕ್ಕವಳು.”