66 ಪರ್ಸೆಂಟ್ ಹೆಟ್

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಕಡೆಯ ಹಿರಿಯರು ಅಲ್ಲಿಯ ರಸ್ತೆಯ ಬಗ್ಗೆ, ಕಾಸ್ಟ್‌ಕೋ ಬಗ್ಗೆ, ಮೊಮ್ಮಗನ ತೊದಲು ಕನ್ನಡದ ಬಗ್ಗೆ ಹೇಳುತ್ತಾರೆ. ಮುಗದದ ನಮ್ಮ ಕಾಕಾ ಹೇಳುವುದು ಹಾವಿನ ಬಣ್ಣದ ಬಗ್ಗೆ.

ಡಾಲಸ್ಸಿನ ಮೊಮ್ಮಗ ಬಾಲ್ ಪೈಥಾನ್ ಸಾಕಿದ್ದಾನೆ. ಪಶ್ಚಿಮ ಆಫ್ರಿಕ ಮೂಲದ, ವಿಷವಿಲ್ಲದ, ಹೆದರಿದರೆ ಉಂಡೆಯಾಗಿ ಸುತ್ತಿಕೊಂಡು ತಲೆ ಮರೆಸುವ ಗಿಡ್ಡ ಹೆಬ್ಬಾವು. ಪಂಚಮಿಯ ದಿನ ಕಾಕು ಅದರ ಗಾಜಿನ ಪೆಟ್ಟಿಗೆಗೇ ಅರಿಷಿಣ-ಕುಂಕುಮ ಏರಿಸಿ ಕೈಮುಗಿದರು. ಫ್ರೀಜರಿನಲ್ಲಿ ಹೋಳಿಗೆಯ ಪೊಟ್ಟಣದ ಕೆಳಗೆ ಇಲಿಗಳ ಪೊಟ್ಟಣ ಕಂಡ ದಿನದಿಂದ ಆ ಮನೆಯ ಹೋಳಿಗೆ ಮುಟ್ಟಲಿಲ್ಲ. ಕಾಕಾ ಮಾತ್ರ ಮೊಮ್ಮಗನ ಶಿಷ್ಯತ್ವ ವಹಿಸಿ, ಪಂಡಿತರಾಗಿ ಊರಿಗೆ ಮರಳಿದರು.

"ಬೆಳ್ಳಗ ಕಂಡದ್ದೆಲ್ಲಾ ಆಲ್ಬಿನೋ ಅಲ್ಲೋ ತಮ್ಮಾ," ಎಂದು ಚಾದಂಗಡಿಯಲ್ಲಿ ಪಾಠ ಶುರು. "ಆಲ್ಬಿನೋಕ್ಕ ಕರಿ ಅಷ್ಟ ಹೋಗಿರ್ತದ, ಹಳದಿ ಉಳದಿರ್ತದ, ಕಣ್ಣು ಕೆಂಪು. ಮೈಯೆಲ್ಲಾ ಬೆಳ್ಳಗ, ಕಣ್ಣು ನೀಲಿ ಅಂದ್ರ ಲ್ಯೂಸಿಸ್ಟಿಕ್. ಹಳದಿ ಹೋಗಿ ಬರೇ ಕರಿ-ಬೂದಿ ಉಳೀತಂದ್ರ ಆಕ್ಸಾಂಥಿಕ್. ಬನಾನಾ ಅಂತ ಒಂದದ, ವಯಸ್ಸಾದಂಗ ಮೈಮ್ಯಾಲೆ ಕರೀ ಚುಕ್ಕಿ ಹೆಚ್ಚತಾವ." 1992ರಲ್ಲಿ ಮೊದಲ ಆಲ್ಬಿನೋ ಬಾಲ್ ಪೈಥಾನ್ ಮರಿ ಮಾಡಿಸಿದ ಬಾಬ್ ಕ್ಲಾರ್ಕ್‌ನ ಹೆಸರು ಎತ್ತುವಾಗಲಂತೂ, ಆತ ಕರ್ನಾಟಕ ಕಾಲೇಜಿನಲ್ಲಿ ಇವರ ಪಕ್ಕದ ಬೆಂಚಿನವನು ಅನ್ನಬೇಕು, ಆ ಸಲಿಗೆ. ಜನ ಕೇಳುತ್ತಾರೆ. ಭತ್ತದ ಸಂಶೋಧನಾ ಕೇಂದ್ರವಿರುವ, 'ಮುಗದ ಸುಗಂಧ' ಎಂದು ಭತ್ತಕ್ಕೇ ಹೆಸರು ಕೊಟ್ಟ ಊರಿಗೆ ತಳಿಯ ಮಾತು ಹೊಸದೇನಲ್ಲ.

ತೊಂದರೆ ಎಂದರೆ, ಇಲ್ಲಿ ಊರ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹಾವಿಲ್ಲದ ಪಾಂಡಿತ್ಯ ಎಲ್ಲಿಯಾದರೂ ಹರಿಯಲೇಬೇಕಲ್ಲ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಎಮ್ಮೆ 'ಲೋ ವೈಟ್ ಪೈಡ್', ಅಂದರೆ ಬಿಳಿ ಮಚ್ಚೆ ಕಡಿಮೆಯಿರುವ ತಳಿ, ಆಯಿತು. ಎಮ್ಮೆಯ ಒಡತಿ ಅದನ್ನು ಬೈಗುಳವೆಂದು ತಿಳಿದು ಎರಡು ದಿನ ಹಾಲು ಹಾಕಲಿಲ್ಲ.

ಅವರ ಬ್ರಹ್ಮಾಸ್ತ್ರ 'ಹೆಟ್'. ಹೊರಗೆ ಸಾದಾ, ಒಳಗೆ ಆಲ್ಬಿನೋ ಜೀನು ಹೊತ್ತ ಹಾವು. ಅಂಥ ಎರಡು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಆಲ್ಬಿನೋ. ಉಳಿದ ಮೂರರಲ್ಲಿ ಎರಡು ಹೆಟ್. ಯಾವ ಎರಡು ಎಂದು ನೋಡಿ ಹೇಳಲಾಗದು, ಹಾಗಾಗಿ ಮೂರನ್ನೂ '66 ಪರ್ಸೆಂಟ್ ಹೆಟ್' ಎಂದು ಮಾರುತ್ತಾರೆ. ಗ್ಯಾರಂಟಿಯಿಲ್ಲದ ಮಾಲಿಗೆ ಶೇಕಡಾವಾರು ಹಚ್ಚುವ ಈ ಜಾಣತನ ನಮ್ಮ ವ್ಯಾಪಾರಿಗಳಿಗೆ ಇನ್ನೂ ಹೊಳೆದಿಲ್ಲ.

ಧಾರವಾಡದ ಸಂಗೀತದ ಮನೆತನವೊಂದರ ಹುಡುಗನಿಗೆ ಕಾಕಾ ಹೆಣ್ಣು ನೋಡಿದರು. ಇಬ್ಬರೂ ಅಜ್ಜಂದಿರು ಹಾಡುತ್ತಿದ್ದರು, ತಂದೆ-ತಾಯಿಗೆ ಸ್ವರವಿಲ್ಲ, ಅಣ್ಣ ಹಾಡುತ್ತಾನೆ.

"ಹುಡುಗ ಹಾಡ್ತಾನೇನ್ರಿ?" ಹುಡುಗಿಯ ತಂದೆ ಕೇಳಿದರು.

"ಹಾಡೂದಿಲ್ಲರಿ. ಆದ್ರ 66 ಪರ್ಸೆಂಟ್ ಹೆಟ್ ಇದ್ದಾನ."

ಅದಾವ ಬೇನೆಯೋ ಎಂದು ಬೀಗರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದರು.

ಕಡೆಗೊಮ್ಮೆ ನಿಜವಾದ ಹಾವೇ ಸಿಕ್ಕಿತು. ಕೆರೆಯ ಕೆಳಗಿನ ಗದ್ದೆಯ ಬದುವಿನಲ್ಲಿ ಕೇರೆಹಾವು. ಮೈ ಬೂದಿ, ಕಣ್ಣು ಮಸುಕು ನೀಲಿ. ಕಾಕಾ ದೂರದಿಂದಲೇ ಫೋನಿನಲ್ಲಿ ಹಿಗ್ಗಿಸಿ ನೋಡಿ ಕೂಗಿದರು: "ಆಕ್ಸಾಂಥಿಕ್! ನೀಲಿಗಣ್ಣು ನೋಡು, ಲ್ಯೂಸಿಸ್ಟಿಕ್ಕೂ ಕೂಡ್ಯದ!"

ಗದ್ದೆಯ ಯಜಮಾನ ಸಲಿಕೆಯೂರಿ ನಿಂತ. "ಪೊರಿ ಬಿಡಾಕ ಬಂದೈತ್ರಿ ಕಾಕಾ. ಅದಕ್ಕ ಕಣ್ಣು ಮಬ್ಬ ಆಗ್ಯಾವ."

ವಾರದೊಳಗೆ ಪೊರೆ ಬದುವಿನ ಮೇಲಿತ್ತು. ಹಾವು ಎಂದಿನ ಹಳದಿ-ಕಂದು ಮೈ ಮಿಂಚಿಸುತ್ತ ಇಲಿಯ ಬಿಲ ಹೊಕ್ಕಿತು. ಯಜಮಾನ ಏನೂ ಅನ್ನದೆ ಕಾಕಾನ ಮುಖ ನೋಡಿದ.

"ಹೊರಗ ನಾರ್ಮಲ್ ಅದ, ಒಪ್ಪತೀನಿ," ಅಂದರು ಕಾಕಾ. "ಆದ್ರ ಒಳಗ ಹೆಟ್ ಅದ."

"ಯಾವ ಕಡೇರಿ? ತಲಿ ಕಡೇನೋ, ಬಾಲದ ಕಡೇನೋ?"