ಎಡಿಸನ್ನಿನಲ್ಲಿ ಕೆ.ಇ.ಬಿ.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಕನ್ನಡಿಗರಿಗೆ ಊರಿನ ಇತಿಹಾಸವೆಂದರೆ ಓಕ್ ಟ್ರೀ ರಸ್ತೆಯ ಯಾವ ದೋಸೆ ಹೋಟೆಲು ಯಾವಾಗ ಕೈ ಬದಲಾಯಿಸಿತು ಎಂಬಷ್ಟೇ. ಹಂಪಿಯ ಕಲ್ಲುಕಂಬಗಳ ಬಗ್ಗೆ ಗಂಟೆಗಟ್ಟಲೆ ಕೊರೆಯಬಲ್ಲ ನಾವು, ಮನೆಗಂದಾಯ ಕಟ್ಟುವ ಊರಿಗೆ ಈ ಹೆಸರು ಬಂದದ್ದು 1954ರಲ್ಲಿ, ಅದಕ್ಕೆ ಮೊದಲು ಅದು ರ‍್ಯಾರಿಟನ್ ಟೌನ್‌ಶಿಪ್ ಎಂದರೆ ಯಾವುದೋ ಮಾತ್ರೆಯ ಹೆಸರು ಕೇಳಿದಂತೆ ನೋಡುತ್ತೇವೆ.

ಬೇಸಿಗೆ ರಜೆಯಲ್ಲಿ ಮಕ್ಕಳು "ನಮ್ಮೂರಲ್ಲಿ ನೋಡೋಕೆ ಏನಿದೆ?" ಎಂದು ಸೋಫಾಕ್ಕೆ ಅಂಟಿಕೊಂಡಾಗ ನನ್ನ ಹೆಂಡತಿ ಟ್ರೆಷರ್ ಹಂಟ್ ಹೂಡಿದಳು. ಚೀಟಿಯಲ್ಲಿ ಒಗಟು, ಒಡೆದರೆ ಮುಂದಿನ ಜಾಗ, ಕೊನೆಗೆ ನಿಧಿ. ಮಕ್ಕಳದೊಂದು ತಂಡ, ಆರು ತಿಂಗಳಿಗೆಂದು ಬಂದಿದ್ದ ಅಪ್ಪ-ಅಮ್ಮನದು ಇನ್ನೊಂದು. ನಾನು ಡ್ರೈವರು. ಅತ್ತೆ-ಸೊಸೆ ಇರುವ ಕಾರಿನಲ್ಲಿ ಡ್ರೈವರಿಗೆ ಸ್ವಂತ ಅಭಿಪ್ರಾಯ ಇರುವುದಿಲ್ಲ.

"ಎಣ್ಣೆ ಇಲ್ಲ, ಬತ್ತಿ ಇಲ್ಲ, ಗೋಪುರದ ನೆತ್ತಿಗೆ ದೀಪ."

ಮಕ್ಕಳು ಥಟ್ಟನೆ ಒಡೆದರು. ಮೆನ್ಲೋ ಪಾರ್ಕಿನ ಎಡಿಸನ್ ಸ್ಮಾರಕ, 1938ರದು. ಕಾಂಕ್ರೀಟ್ ಗೋಪುರ, ಮೇಲೆ ಆನೆಗಾತ್ರದ ಗಾಜಿನ ಬಲ್ಬು. ಗೋಪುರ ಅಂದಮೇಲೆ ಬಿಡುವುದುಂಟೇ? ಅಮ್ಮ ಒಂದು ಪ್ರದಕ್ಷಿಣೆ ಹಾಕಿದರು. ಪಕ್ಕದ ಪುಟ್ಟ ಮ್ಯೂಸಿಯಮ್ಮಿನ ಗೈಡು, 1879ರಲ್ಲಿ ಬಲ್ಬಿನೊಳಗೆ ಉರಿದದ್ದು ಕರಕಲಾಗಿಸಿದ ಹತ್ತಿದಾರ ಎಂದರು. ಮಗಳು ಅದನ್ನು ಕನ್ನಡದಲ್ಲಿ ಒಪ್ಪಿಸಿದ್ದೇ ತಡ, ಅಮ್ಮ ತಿರುಗಿದರು.

"ಹತ್ತಿದಾರ ಅಂದ್ರೆ ಬತ್ತಿ ಅಲ್ವೇನಮ್ಮಾ? ನಿನ್ನ ಒಗಟು ತಪ್ಪಾಯ್ತಲ್ಲ."

ಹೆಂಡತಿ ನನ್ನ ಮುಖ ನೋಡಿದಳು. ನಾನು ಬಲ್ಬು ನೋಡಿದೆ.

ಎರಡನೆಯ ಚೀಟಿ: "ಮನೆಯಿದ್ದ ಜಾಗ ಇಲ್ಲೇ ಇದೆ, ಮನೆ ಮಾತ್ರ ಊರು ಬಿಟ್ಟಿದೆ."

"ಗೊತ್ತು ಬಿಡು, ತಿಪಟೂರಿನ ನಮ್ಮನೆ," ಎಂದರು ಅಪ್ಪ. ಯಾರೂ ಮಾತಾಡಲಿಲ್ಲ. ಮಗನೇ ಉತ್ತರ ಹುಡುಕಿದ: ಎಡಿಸನ್ನನ ಪ್ರಯೋಗಾಲಯ. ಹೆನ್ರಿ ಫೋರ್ಡ್ 1929ರಲ್ಲಿ ಅದನ್ನು ಮಿಷಿಗನ್ನಿನ ಡಿಯರ್‌ಬಾರ್ನ್‌ನಲ್ಲಿ ಮತ್ತೆ ಕಟ್ಟಿಸಿದ. ಉಳಿದಿದ್ದ ಹಲಗೆಗಳು ಸಾಲದೆಂದು ಇಲ್ಲಿಯ ಮಣ್ಣನ್ನೂ ರೈಲಿನಲ್ಲಿ ಸಾಗಿಸಿದ.

"ನೋಡಿದ್ರಾ!" ಅಮ್ಮನಿಗೆ ಹಳೇ ಗಾಯ ಕೆದರಿತು. "ಮಣ್ಣು ಹೊತ್ತೋನಿಗೆ ಮ್ಯೂಸಿಯಂ. ಹುಣಸೆಹಣ್ಣು ಹೊತ್ಕೊಂಡು ಬಂದೋಳಿಗೆ ಏರ್‌ಪೋರ್ಟಲ್ಲಿ ವಿಚಾರಣೆ!"

ಅಷ್ಟರಲ್ಲಿ ಅಪ್ಪ ಗೈಡನ್ನು ಹಿಡಿದಾಗಿತ್ತು. ಅಪ್ಪ ಕೆ.ಇ.ಬಿ.ಯಿಂದ ನಿವೃತ್ತರಾದ ಇಂಜಿನಿಯರು. ಮೂವತ್ತು ವರ್ಷ ಕರೆಂಟು ಕೊಟ್ಟವರು, ತೆಗೆದವರು. ಬೆಂಗಳೂರಿನ ಬೀದಿಗೆ 1905ರಲ್ಲೇ ದೀಪ ಬಂತೆಂದರು. ಅದಕ್ಕೆ ಕರೆಂಟು ಕೊಟ್ಟ ಶಿವನಸಮುದ್ರದ ವಿದ್ಯುತ್ ಯಂತ್ರಗಳು ಜನರಲ್ ಎಲೆಕ್ಟ್ರಿಕ್‌ನವು, ಆ ಕಂಪನಿ ಹುಟ್ಟಿದ್ದು 1892ರಲ್ಲಿ ಎಡಿಸನ್ನನ ಕಂಪನಿಯೂ ಸೇರಿಕೊಂಡು, ಆದ್ದರಿಂದ ಎಡಿಸನ್ ಒಂದು ಲೆಕ್ಕದಲ್ಲಿ ನಮ್ಮವನೇ ಎಂದರು. ಮರುಕ್ಷಣವೇ ಬಂಧುತ್ವ ಹರಿದುಕೊಂಡರು: "ಆದ್ರೆ ನಮ್ದು ಎ.ಸಿ. ಈ ಪುಣ್ಯಾತ್ಮ ಡಿ.ಸಿ.ನೇ ಸರಿ ಅಂತ ಹಠ ಹಿಡಿದ. ಅವನ ಮಾತು ಕೇಳಿದ್ದಿದ್ರೆ ಅಷ್ಟು ದೂರ ಕರೆಂಟ್ ಹೋಗ್ತಿತ್ತಾ?"

ಮೂರನೆಯ ಚೀಟಿ ಯಾರಿಗೂ ಬೇಡವಾಯಿತು. ಹೆಂಡತಿ ತಾನೇ ಒಡೆದು, ಡಿಕ್ಕಿಯಿಂದ ನಿಧಿ ತೆಗೆದಳು: ಚಕ್ಕುಲಿ ಡಬ್ಬ. ಅಪ್ಪ ಚೀಟಿಯ ಬೆನ್ನಿಗೆ ಗೆರೆ ಎಳೆಯುತ್ತಿದ್ದರು. ಇದು ಕಾವೇರಿ, ಇದು ಶಿವನಸಮುದ್ರ, ಇಲ್ಲಿಂದ ಸುಮಾರು 147 ಕಿ.ಮೀ. ತಂತಿ, 1902.

"ತಂತಿ ಮೊದಲು ಯಾರ ಮನೆಗೆ ಹೋಯಿತು?" ಗೈಡು ಕೇಳಿದರು.

"ಮನೆಗಲ್ಲ. ಕೋಲಾರದ ಚಿನ್ನದ ಗಣಿಗೆ."

ಚಕ್ಕುಲಿ ಕಡಿಯುತ್ತಿದ್ದ ಮಗ ನಿಂತ. "ತಾತಾ, ಅಂದ್ರೆ ಟ್ರೆಷರ್ ಇರೋದು ಅಲ್ಲೇನಾ?"

"ಆ ಗಣಿ 2001ರಲ್ಲೇ ಮುಚ್ಚಿದ್ರು, ಮಗಾ."

"ಹಾಗಾದ್ರೆ ಈಗ ಯಾರೂ ನೋಡ್ತಿರಲ್ಲ," ಎಂದ. "ಡ್ಯಾಡೀ, ಟಿಕೆಟ್ ಬುಕ್ ಮಾಡು!"